ಹೊಳಪು ಮಾಸುವ ಮುನ್ನ

ಕಂಡದ್ದನ್ನು ಕಾಣಲಿಲ್ಲ ಎಂದೆ. ನನ್ನ ತಪ್ಪು ಇದು. ನಾನು ಹಾಗೆಂದದ್ದರಿಂದ ನೀನು ಗಂಡನ ಮನೆ ಬಿಟ್ಟು ತವರೂರು ಕಣಗಲೆಗೆ ಹೋದೆ, ಶಾಂತವ್ವ — ಹೋಗುವಾಗ ದೋಷ ನಿನ್ನದೇ ಎಂದು ನಂಬಿಕೊಂಡು ಹೋದೆ. ಅದು ನಿನ್ನದಲ್ಲವೆಂದು ಆ ಮನೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಅವನು ಜಗಲಿಯ ಮೇಲೆ ಕೂತು ಚಹ ಕುಡಿಯುತ್ತಿದ್ದ. ಅವನೇ ನಾನು, ನಿನ್ನ ಭಾವ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಬೇರೆಯವರೂ ಓದಲಿ ಎಂಬ ಆಸೆ ನನ್ನದು.

ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಒಂದು ವಸತಿ ಶಾಲೆಯಲ್ಲಿ. ಅಲ್ಲಿಂದ ಬಂದ ಮೇಲೂ ಗಂಟೆ ನನ್ನೊಳಗೆ ಹೊಡೆಯುತ್ತಲೇ ಇತ್ತು. ಹಾಸಿಗೆ ಮಡಿಸದೆ ಹೊರಗೆ ಬಂದವನಲ್ಲ. ಕಚೇರಿಯಲ್ಲಿ ಒಂದು ಕಡತ ಮುಗಿಯದೆ ಇನ್ನೊಂದನ್ನು ಬಿಚ್ಚಿದವನಲ್ಲ. ಊರಿಂದ ಬಲು ದೂರದ ಪೇಟೆಂಟ್ ಕಚೇರಿಯಲ್ಲಿ ನಾನು ಪರೀಕ್ಷಕನಾಗಿದ್ದೆ. ನಮ್ಮೂರು ನಾಗನೂರಲ್ಲಿ ಯಾರಿಗೂ ಆ ಕೆಲಸ ಏನೆಂದು ತಿಳಿಯುತ್ತಿರಲಿಲ್ಲ. "ನಮ್ಮ ಹಿರ್‍ಯಾ ಸರಕಾರದಾಗ ಕಾಗದಾ ನೋಡ್ತಾನ, ತಪ್ಪ ಹುಡಕತಾನ" ಎಂದು ಅವ್ವ ಹೇಳುತ್ತಿದ್ದಳು. ತೀರಾ ತಪ್ಪಲ್ಲ ಅದು. ಹೊಸದೇನಾದರೂ ಕಂಡುಹಿಡಿದವರು ಅದರ ವಿವರ ಬರೆದು ಕಳಿಸುತ್ತಾರೆ. ಕೊನೆಯಲ್ಲಿ, ಹೊಲಕ್ಕೆ ಬೇಲಿ ಹಾಕಿದ ಹಾಗೆ, ಇಷ್ಟು ನನ್ನದು ಎಂದು ಕೆಲವು ವಾಕ್ಯ ಬರೆಯುತ್ತಾರೆ. ಅವಕ್ಕೆ ಕ್ಲೇಮು ಎನ್ನುತ್ತೇವೆ. ಬೇಲಿ ಎಲ್ಲಿಂದ ಎಲ್ಲಿಗೆ ಎಂದು ಓದಿದವನಿಗೆ ತಿಳಿಯಬೇಕು. ತಿಳಿಯದಿದ್ದರೆ ಸ್ಪಷ್ಟವಿಲ್ಲ ಎಂದು ತಕರಾರು ಬರೆದು ತಿರುಗಿಸುವುದು ನನ್ನ ಕೆಲಸ.

ಈ ಕೆಲಸದಲ್ಲಿ ಒಂದು ಕಟ್ಟುಪಾಡು ಇತ್ತು. ಮೊದಲ ತಕರಾರು ಹೋದ ದಿನದಿಂದ ಅರ್ಜಿದಾರರಿಗೆ ಒಂದು ಗಡುವು. ಅಷ್ಟರೊಳಗೆ ಎಲ್ಲ ತಕರಾರೂ ತೀರಬೇಕು. ತೀರದಿದ್ದರೆ ಅರ್ಜಿ ತಾನಾಗಿ ಸತ್ತ ಹಾಗೆ. ಆ ಕಾಲದಲ್ಲಿ ಹಾಗೆ ಸತ್ತದ್ದು ಅಚ್ಚಾಗುತ್ತಲೂ ಇರಲಿಲ್ಲ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೇ, ಇರುವ ತಕರಾರನ್ನೆಲ್ಲ ಮೊದಲ ಪತ್ರದಲ್ಲೇ ಹೇಳಿಬಿಡಬೇಕು ಎಂದು ನಮ್ಮ ಹಿರಿಯರು ಕಲಿಸಿದ್ದರು. ಒಂದೊಂದಾಗಿ ಕೊಟ್ಟರೆ ಮನುಷ್ಯನನ್ನು ಬಾಗಿಲಲ್ಲಿ ನಿಲ್ಲಿಸಿ ಹೊತ್ತು ಮುಳುಗಿಸಿದ ಹಾಗೆ. ನಾನು ಹೊಸಬರಿಗೂ ಇದನ್ನೇ ಕಲಿಸಿದ್ದೆ.

ಇನ್ನು ನಮ್ಮ ಮನೆ. ಪಡಸಾಲಿಯ ಜಂತಿಗೆ ತೊಟ್ಟಿಲು ತೂಗುಹಾಕುವ ಕಬ್ಬಿಣದ ಕೊಂಡಿ — ನೀನು ಬಂದ ವರ್ಷ ಮೊದಲು ಕೇಳಿದ್ದೇ ಅದನ್ನಂತೆ, ಯಾಕೆ ಖಾಲಿ ಎಂದು. ಅವ್ವ ಹೆತ್ತ ಮಕ್ಕಳಲ್ಲಿ ಉಳಿದವರು ನಾನು ಮತ್ತು ನಿನ್ನ ಗಂಡ ಬಸಪ್ಪ ಇಬ್ಬರೇ. ಮಿಕ್ಕವೆಲ್ಲ ಹಿತ್ತಲಲ್ಲಿ, ಅತ್ತಿಯ ಮರದ ಆಚೆ, ಹೆಸರಿಲ್ಲದ ಚಿಕ್ಕ ಕಲ್ಲುಗಳ ಕೆಳಗೆ. ನನ್ನ ಹೆಂಡತಿ ನೀಲವ್ವನ ಕೂಸುಗಳ ಕಲ್ಲುಗಳೂ ಅಲ್ಲೇ. ಅವ್ವ ತನ್ನವು ದೃಷ್ಟಿಯಿಂದ ಹೋದವು ಎನ್ನುತ್ತಿದ್ದಳು, ಸೊಸೆಯವು ಸೊಸೆಯ ದೋಷದಿಂದ. ಪ್ರತಿ ಬಸಿರಿಗೂ ತೊಟ್ಟಿಲು ಅಟ್ಟದಿಂದ ಇಳಿಯುತ್ತಿತ್ತು, ಒರೆಸಿಡುತ್ತಿದ್ದರು, ಮತ್ತೆ ಹತ್ತುತ್ತಿತ್ತು. ನೀಲವ್ವ ಕಾಮಾಲೆಯಾಗಿ ತೀರಿಕೊಂಡಳು. ಸಾಯುವ ಮುಂಚೆ ನನ್ನ ಕೈ ಹಿಡಿದು, "ನನ್ನ ಹೊಟ್ಟಿ ನಿಮ್ಮ ಮನಿ ಹಾಳ ಮಾಡಿತ್ರಿ" ಎಂದಳು. ಸಮಾಧಾನ ಹೇಳುವುದು ನನ್ನ ಅಭ್ಯಾಸದಲ್ಲಿ ಇರಲಿಲ್ಲ.

ಆಮೇಲೆ ನೀನು. ಮತ್ತೆ ಅದೇ ತೊಟ್ಟಿಲು, ಅದೇ ಅಟ್ಟ.

ಗೋಕಾಕದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಸುನಂದಾ ಎಂಬಾಕೆ ನಿಮ್ಮಿಬ್ಬರ ರಕ್ತ ತೆಗೆದುಕೊಂಡದ್ದು ನಿನಗೆ ನೆನಪಿರಬೇಕು. ಹುಕ್ಕೇರಿಯ ಜೈನ ವ್ಯಾಪಾರಸ್ಥರ ಮಗಳು, ಪುಣೆಯಲ್ಲಿ ಕಲಿತವಳು. ಬಸಪ್ಪ ನನಗೆ ನಗುತ್ತ ಹೇಳಿದ್ದ: "ನಾ ಅಂದೆ, ಬಾಯಾರ, ಇಷ್ಟ ರಕ್ತಾ ನೀವ ಹೀರಿದ್ರ ಕಬ್ಬ ಕಡ್ಯಾವ್ರ್ ಯಾರ್ರಿ? ಆಕಿ ಅಂದ್ಳು, ಕಬ್ಬಿನ ಕಾಳಜಿ ಬ್ಯಾಡಪಾ, ಕೂಸಿನ ಕಾಳಜಿ ಮಾಡು." ಫಲಿತಾಂಶ ಮಾತ್ರ ತಡ ಎಂದಿದ್ದಳಂತೆ. ವಿಧಾನ ಹೊಸದು, ತಪ್ಪು ಹೇಳಿ ಯಾರದಾದರೂ ಮನೆ ಒಡೆಯಬಾರದು, ಅದಕ್ಕೆ ಸರಕಾರದ ಪೇಟೆಂಟ್ ಸಿಗುವ ತನಕ ಯಾರಿಗೂ ಏನೂ ಹೇಳಕೂಡದು ಎಂದು ಆಸ್ಪತ್ರೆಯ ಮಾಲೀಕರ ಕರಾರು. ಅವ್ವ ಒಪ್ಪಿದಳು. "ಡಾಕ್ಟರ್ ಬಾಯಿ ಉತ್ತರ ಬರೂತನಕಾ ಇರ್ಲಿ. ಬರ್ಲಿಲ್ಲಂದ್ರ ಮೂಡಲಗಿ ಹುಡುಗಿ ನೋಡೂದ." ಹೀಗೆ ನಿನ್ನ ಸಂಸಾರ ಆ ಉತ್ತರಕ್ಕೆ ಜೋತುಬಿದ್ದಿತ್ತು.

ಆ ಉತ್ತರ ಬಂದದ್ದು ನನ್ನ ಮೇಜಿಗೆ.

ಕಡತ ಬಿಚ್ಚಿದಾಗ ನಡು ಮಧ್ಯಾಹ್ನ. ಮನುಷ್ಯನ ಜೀವಕೋಶದೊಳಗಿನ ವರ್ಣತಂತುಗಳಿಗೆ — ತಂದೆತಾಯಿಯ ಗುಣಗಳನ್ನು ಮಕ್ಕಳಿಗೆ ಹೊತ್ತೊಯ್ಯುವ ದಾರದ ತುಂಡುಗಳು ಅವು — ಹೊಳೆಯುವ ಬಣ್ಣ ಹಚ್ಚಿ, ಕತ್ತಲೆಯಲ್ಲಿ ಚಿತ್ರ ತೆಗೆಯುವ ವಿಧಾನ. ಆ ಬಣ್ಣಕ್ಕೊಂದು ಕೆಟ್ಟ ಗುಣ: ಬೆಳಕು ಬಿಟ್ಟು ನೋಡುತ್ತ ಹೋದಂತೆ ಮಾಸಿಹೋಗುತ್ತದೆ. ನೋಡುವುದೇ ಅದನ್ನು ಅಳಿಸುತ್ತದೆ. ನಮ್ಮ ಕಡೆಯ ಬಿಸಿಲಿನ ದಿನಗಳಲ್ಲೂ ಹೊಳಪನ್ನು ಸ್ವಲ್ಪ ಹೊತ್ತು ಹಿಡಿದಿಡುವುದು ಸುನಂದಾಳ ಹೊಸತನ. ಉದಾಹರಣೆಗೆಂದು ಒಂದು ಚಿತ್ರ ಲಗತ್ತಿಸಿದ್ದಳು. ಕಪ್ಪು ನೆಲ. ಒಂದು ಜೊತೆ ಹಸಿರು ದಾರ, ಒಂದು ಜೊತೆ ಕೆಂಪು ದಾರ. ಹಸಿರುಗಳಲ್ಲಿ ಒಂದರ ತುದಿಗೆ ಮಾತ್ರ ಕೆಂಪು ಚೂರು ಅಂಟಿತ್ತು — ಬೇರೆ ಮನೆಯ ಹೊಸ್ತಿಲ ಮೇಲೆ ಬಂದು ಕೂತ ಕೂಸಿನ ಹಾಗೆ. ಕೆಳಗೆ ವಿವರಣೆ: ನಾಗನೂರಿನ ಒಬ್ಬ ರೈತನ ರಕ್ತ. ಅವನಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಹೆಂಡತಿಗೆ ಮೇಲಿಂದ ಮೇಲೆ ಗರ್ಭಪಾತ. ಹೆಂಡತಿಯ ರಕ್ತ ಸರಿಯಾಗಿದೆ. ಇಂಥದ್ದು ಸಾಮಾನ್ಯವಾಗಿ ಗಂಡನಿಗೆ ಅವನ ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ, ಒಡಹುಟ್ಟಿದವರಲ್ಲೂ ಇರಬಹುದು.

ಹೆಸರಿರಲಿಲ್ಲ. ಹೆಸರು ಬೇಕಾಗಿರಲಿಲ್ಲ.

ಆಗ ನನ್ನ ಕಣ್ಣಮುಂದೆ ಬಂದದ್ದು ನೀನಲ್ಲ, ಶಾಂತವ್ವ. ನೀಲವ್ವ. ಅತ್ತಿಯ ಮರದ ಆಚೆಯ ಕಲ್ಲುಗಳು. ಆ ಕೆಂಪು ಚೂರು ನನ್ನೊಳಗೂ ಇದ್ದರೆ, ಅವಕ್ಕೆಲ್ಲ... ಮುಂದೆ ಯೋಚಿಸದೆ ಕಡತ ಮುಚ್ಚಿದೆ. ನೀರು ಕುಡಿದು ಬಂದು ಮತ್ತೆ ಬಿಚ್ಚಿದೆ. ಚಿತ್ರ ಮೊದಲಿನದಕ್ಕಿಂತ ಮಸುಕಾಗಿತ್ತು. ಅಚ್ಚಾದ ಚಿತ್ರ ಮಾಸುವುದಿಲ್ಲ ಎಂದು ನನಗೆ ಗೊತ್ತು. ಆದರೂ ಮಸುಕಾಗಿತ್ತು — ನಾನು ನೋಡಿದ್ದರಿಂದ ಎಂಬಂತೆ.

ನೇರ ದಾರಿ ನನಗೆ ಬಾಯಿಪಾಠವಾಗಿತ್ತು. ಇದು ನನ್ನ ಮನೆಯವರ ರಕ್ತ, ಈ ಅರ್ಜಿ ಬೇರೆಯವರಿಗೆ ಕೊಡಿ ಎಂದು ಮೇಲಧಿಕಾರಿಗೆ ಹೇಳುವುದು. ಒಂದು ವಾಕ್ಯ. ಹೇಳಲಿಲ್ಲ. ಬದಲಿಗೆ ಕ್ಲೇಮುಗಳನ್ನು ಓದಿದೆ. ಅವು ಸಡಿಲವಾಗಿಯೇ ಇದ್ದವು. "ಸೂಕ್ತ ಸಮಯದವರೆಗೆ" ಎಂದಿತ್ತು — ಎಷ್ಟು ಸಮಯ? "ಮಂದ ಬೆಳಕಿನಲ್ಲಿ" ಎಂದಿತ್ತು — ಯಾವುದಕ್ಕಿಂತ ಮಂದ? "ಹೊಳಪು ಬಹುಪಾಲು ಉಳಿಯುವಂತೆ" — ಬಹುಪಾಲು ಎಂದರೆ? ತಕರಾರುಗಳೆಲ್ಲ ನಿಜವಾದವು. ಅದೇ ನನಗೆ ದಾರಿಯಾಯಿತು. ಮೊದಲ ಪತ್ರದಲ್ಲಿ ಒಂದನ್ನು ಮಾತ್ರ ಕೇಳಿದೆ.

ಆಕೆ ಚುರುಕಾಗಿ ತಿದ್ದಿ ಕಳಿಸಿದಳು. ಆಗ ಎರಡನೆಯದನ್ನು ಕೇಳಿದೆ. ಅದನ್ನೂ ತಿದ್ದಿದಳು, ಬೇರೇನಾದರೂ ಇದ್ದರೆ ದಯವಿಟ್ಟು ಒಟ್ಟಿಗೇ ತಿಳಿಸಿ ಎಂದು ಕೆಳಗೆ ಬರೆದಿದ್ದಳು. ಆ ಸಾಲನ್ನು ಓದಿದೆ. ಮೂರನೆಯದನ್ನು ಗಡುವಿನ ಅಂಚಿಗೆ ಇಟ್ಟುಕೊಂಡೆ. ಪತ್ರಗಳ ಕೆಳಗೆ ಮೇಲಧಿಕಾರಿಯ ಸಹಿ. ನನ್ನ ಹೆಸರು ಎಲ್ಲೂ ಇಲ್ಲ. ನನ್ನ ಶಿಸ್ತನ್ನು ನಂಬಿ ಅವರು ಓದದೆ ಸಹಿ ಮಾಡುತ್ತಿದ್ದರು.

ಆ ನಡುವೆಯೇ ರಜೆಗೆ ಊರಿಗೆ ಬಂದೆ. ಭಾವನ ಎದುರು ನೀನು ಬಂದವಳಲ್ಲ, ಮಾತಾಡಿದವಳಲ್ಲ. ಸೆರಗಿನ ಅಂಚು, ಬಳೆಯ ಸದ್ದು ಬಿಟ್ಟರೆ ನನಗೆ ನಿನ್ನ ಪರಿಚಯವೇ ಇರಲಿಲ್ಲ. ಆ ದಿನ ಅವ್ವ ಹೊಲಕ್ಕೆ ಹೋಗಿದ್ದಳು. ಅಡುಗೆಮನೆಯ ಬಾಗಿಲ ಹಿಂದಿನಿಂದ ನಿನ್ನ ದನಿ ಬಂತು.

"ಭಾವಾರ, ಒಂದ್ ಮಾತ ಕೇಳ್ಲೇನ್ರಿ?"

ನಾನು ತಲೆ ಎತ್ತಲಿಲ್ಲ.

"ನೀವ ಓದಿದವ್ರ. ಡಾಕ್ಟರ್ ಬಾಯಿ ಕಾಗದಾ ನಿಮ್ಮಂಥಾವ್ರ ಕಡೇನ ಹೋಗಿರ್ತಾವಂತ. ಖರೆ ಹೇಳ್ರಿ — ದೋಷ ನಂದೇನ್ರಿ?"

ನೆತ್ತಿಯ ಮೇಲೆ ಏನೋ ಕಿರ್ ಎಂದಿತು. ಖಾಲಿ ಕೊಂಡಿ. ಹಗ್ಗವಿಲ್ಲ, ತೊಟ್ಟಿಲಿಲ್ಲ. ಗಾಳಿಯೂ ಇರಲಿಲ್ಲ — ಅಂಗಳದ ಬೇವಿನ ಎಲೆ ಅಲುಗುತ್ತಿರಲಿಲ್ಲ, ನೋಡಿ ಖಾತ್ರಿ ಮಾಡಿಕೊಂಡೆ.

"ಇನ್ನೂ ಸ್ಪಷ್ಟ ಆಗಿಲ್ಲವ್ವಾ," ಎಂದೆ.

ದಿನಾ ಕಚೇರಿಯಲ್ಲಿ ಬರೆಯುವ ಮಾತು. ಅಷ್ಟೇ ಸಲೀಸಾಗಿ ಬಂತು. ಬಾಗಿಲ ಹಿಂದೆ ಬಳೆ ಸದ್ದಾಯಿತು, ಮತ್ತೆ ಇಲ್ಲ. ನೀನು ಆಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ ಎಂದು ನನಗೆ ಗೊತ್ತು. ನಿನ್ನ ನೆರಳು ಹೊಸ್ತಿಲ ಈಚೆಗೆ ಬಿದ್ದಿತ್ತು.

ಮೂರನೆಯ ತಕರಾರು ಸುನಂದಾಳ ಕೈ ಸೇರುವಷ್ಟರಲ್ಲಿ ಗಡುವು ಮುಗಿದಿತ್ತು. ಆಸ್ಪತ್ರೆಯವರು ಕೈ ಬಿಟ್ಟರು. ಉತ್ತರ ಬರಲಿಲ್ಲವಾದ್ದರಿಂದ ಅವ್ವ ತನ್ನ ಮಾತು ನಡೆಸಿದಳು. ನಾನು ಮತ್ತೆ ರಜೆಗೆ ಬಂದಿದ್ದಾಗಲೇ ನಿನ್ನ ಅಣ್ಣ ಕಣಗಲೆಯಿಂದ ಟೆಂಪೋ ತಂದ. ಟ್ರಂಕಿನ ಜೊತೆ ನೀನು ಹಿಂದೆ ಕೂತೆ. ಬಸಪ್ಪ ಹೊಲದಿಂದ ಬರಲೇ ಇಲ್ಲ. ಮೂಡಲಗಿಯ ರೇಣುಕಾ ಬಸಪ್ಪನ ಹೆಂಡತಿಯಾಗಿ ಮನೆಗೆ ಬಂದಳು. ಅಟ್ಟದಿಂದ ತೊಟ್ಟಿಲು ಇಳಿಯಿತು. ಮತ್ತೆ ಹತ್ತಿತು. ಒಂದೇ ಸಲವಲ್ಲ.

ಕೆಲವು ವರ್ಷ ಕಳೆದ ಮೇಲೆ, ಇನ್ನು ತಡೆಯಲಾರದೆ, ಗೋಕಾಕಕ್ಕೆ ಹೋದೆ. ಸುನಂದಾ ಆಸ್ಪತ್ರೆ ಬಿಟ್ಟು ಪೇಟೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಳು. ನನ್ನ ಮುಖ ಆಕೆಗೆ ಗೊತ್ತಿರಲಿಲ್ಲ. ಬೇರೆ ಊರಿನ ಹೆಸರು ಹೇಳಿ ರಕ್ತ ಕೊಟ್ಟೆ. ಕರೆದ ದಿನ ಹೋದಾಗ ಮಟಮಟ ಮಧ್ಯಾಹ್ನ; ಕಿಟಕಿಗಳಿಗೆಲ್ಲ ಕರೀ ಬಟ್ಟೆ. ಹೊರಗೆ ಕರದಂಟಿನ ಅಂಗಡಿಯಲ್ಲಿ ಯಾರೋ ಜಗಳವಾಡುತ್ತಿದ್ದರು, ಒಳಗೆ ನನ್ನ ಕೈ ನನಗೆ ಕಾಣದಷ್ಟು ಕತ್ತಲೆ. "ಲಗೂನ ನೋಡ್ರಿ ಕಾಕಾ, ಭಾಳ ಹೊತ್ತ ಇರೂದಿಲ್ಲ," ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಕಣ್ಣಿಟ್ಟೆ. ಕಪ್ಪು ನೆಲ. ಹಸಿರು ದಾರ. ತುದಿಯಲ್ಲಿ ಕೆಂಪು ಚೂರು, ಅದೇ ಹೊಸ್ತಿಲ ಮೇಲೆ. ಚಿತ್ರವಲ್ಲ ಈಗ, ನಾನೇ. ನೋಡುತ್ತಿದ್ದಂತೆ ಅದು ಮಾಸತೊಡಗಿತು. ಕಣ್ಣು ತೆಗೆಯಬೇಕೆನಿಸಿತು, ತೆಗೆಯಲಾಗಲಿಲ್ಲ. ಎಲ್ಲೋ ಒಳಗಿಂದ ಯಾರೋ ನನ್ನನ್ನು ನೋಡಿ, ಗುರುತು ಹಿಡಿದು, ಮುಖ ತಿರುಗಿಸಿಕೊಂಡು ಹೋದ ಹಾಗೆ — ಮೊದಲು ಕೆಂಪು, ಆಮೇಲೆ ಹಸಿರು. ಕೊನೆಗೆ ಬರೀ ಕಪ್ಪು.

"ಇಂಥದ್ದ ನಾ ಹಿಂದಕ ಒಮ್ಮೆ ನೋಡೇನ್ರಿ," ಎಂದಳು ಆಕೆ ಬೆನ್ನ ಹಿಂದಿನಿಂದ. "ಇದ ಜಾಗಾ, ಇದ ಚೂರ. ಒಂದ ಮನಿದ ಇರಬೇಕ. ನೀವು ನಾಗನೂರವ್ರೇನ್ರಿ?"

"ಅಲ್ಲ," ಎಂದೆ.

"ಆ ಹೆಣಮಗಳಿಗೆ ಹೇಳಬೇಕಿತ್ರಿ ನಾ. ಮಾಲೀಕರ ಕರಾರ ಅಂತ ಬಾಯಿ ಮುಚ್ಚಕೊಂಡೆ. ಆಮ್ಯಾಲ ಹುಡಿಕ್ಯಾಡಿದೆ. ಮನೀ ಬಿಟ್ಟ ಹೋದ್ಳಂದ್ರು, ಊರ ಯಾರೂ ಹೇಳಲಿಲ್ಲ."

ನನಗೆ ಊರು ಗೊತ್ತಿತ್ತು. ಧುಪದಾಳದ ಮೇಲೆ ಹಾದು ಹೋಗುವ ಬಸ್ಸು ಗೊತ್ತಿತ್ತು, ಹುಕ್ಕೇರಿಯಲ್ಲಿ ಬದಲಿಸಬೇಕಾದ್ದು ಗೊತ್ತಿತ್ತು. ಎದ್ದು, ಕುರ್ಚಿಯನ್ನು ಸರಿಯಾಗಿ ಒಳಗೆ ತಳ್ಳಿ, ಹೊರಗೆ ಬಂದೆ.

ಅವ್ವ ಈಗ ಇಲ್ಲ. ನಾನು ನಿವೃತ್ತನಾಗಿ ನಾಗನೂರಲ್ಲೇ ಇದ್ದೇನೆ. ಏಳುವ ಹೊತ್ತಿಗೆ ಏಳುತ್ತೇನೆ, ಉಣ್ಣುವ ಹೊತ್ತಿಗೆ ಉಣ್ಣುತ್ತೇನೆ. ಕೊಂಡಿಗೆ ತೊಟ್ಟಿಲು ಕಟ್ಟಿ ಯಾವ ಕಾಲವಾಯಿತೋ. ತುಕ್ಕು ಹಿಡಿದಿರಬೇಕು ಎಂದು ಏಣಿ ಹಾಕಿ ಹತ್ತಿ ನೋಡಿದೆ. ಹೊರಮೈಯೆಲ್ಲ ತುಕ್ಕು. ಹಗ್ಗ ತಿಕ್ಕುವ ಒಳಮೈ ಮಾತ್ರ ನುಣ್ಣಗೆ, ಹೊಳೆಯುತ್ತ ಇತ್ತು. ಬೆರಳಿಟ್ಟೆ. ಬೆಚ್ಚಗಿತ್ತು. ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ, ಹುಡುಕುವುದೂ ಇಲ್ಲ.

ಹೋದ ವಾರ ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ನಿನ್ನ ಅಣ್ಣ ಸಿಕ್ಕ. ಮೊಮ್ಮಗ ಹುಟ್ಟಿದ್ದಾನೆ, ಸೋಮವಾರ ತೊಟ್ಟಿಲಿಗೆ ಹಾಕುವ ಕಾರ್ಯ ಎಂದ. ಹಳೆಯ ಸಿಟ್ಟು ತೋರಿಸಲಿಲ್ಲ, ತೋರಿಸಿದ್ದರೆ ಹಗುರಾಗುತ್ತಿತ್ತು. "ಬರ್ರಿ ಸಾಹೇಬ್ರ, ಗುಗ್ಗರಿ ತಿಂದ ಹೋಗೀರಂತ. ಗುಗ್ಗರಿ ಎಲ್ಲಾ ಶಾಂತೀನ ಕುದಸ್ತಾಳ್ರಿ. ತೊಟ್ಟಿಲಕ ಕೈ ಹಚ್ಚೂ ಮುಂದ ಒಳಗ ಇರ್ತಾಳ. ಯಾರೂ ಹೇಳೂದ ಬ್ಯಾಡ, ಆಕಿಗೆ ಗೊತ್ತೈತಿ."

ಆಕೆಗೆ ಗೊತ್ತಿದೆಯಂತೆ. ನಾನು ಕಲಿಸಿದ್ದು ಅದು.

ನಿನ್ನೆ ಬಸಪ್ಪನಿಗೂ ರೇಣುಕಾಗೂ ಎಲ್ಲ ಹೇಳಿದೆ. ರೇಣುಕಾ ಸೆರಗಿನಿಂದ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದಳು, ಕಲ್ಲುಗಳ ಕಡೆಗೆ. ಬಸಪ್ಪನ ತುತ್ತು ಕೈಯಲ್ಲೇ ಇತ್ತು. "ಅಣ್ಣಾ, ನಾ ಆವತ್ತ ಹೊಲದಾಗ ಕುಂತ ಅತ್ತೇನಿ," ಎಂದ. "ನೀ ಚಹಾ ಕುಡ್ಯಾಕತ್ತಿದ್ದಿ." ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಅದರಾಚೆ ನನ್ನೊಡನೆ ಮಾತಾಡಿಲ್ಲ. ಆಡಬೇಕೆಂದು ನಾನು ಕೇಳುವವನೂ ಅಲ್ಲ.

ಸೋಮವಾರ ನಾನು ಕಣಗಲೆಗೆ ಬರುತ್ತೇನೆ, ಶಾಂತವ್ವ. ಕ್ಷಮೆ ಕೇಳಲು ಅಲ್ಲ. ಅದನ್ನು ಕೊಡುವ ಭಾರವನ್ನೂ ನಿನ್ನ ತಲೆಗೆ ಹೊರಿಸಲಾರೆ. ನೀನು ಕೇಳಿದ್ದಕ್ಕೆ ಉತ್ತರ ಕೊಡುವುದಿದೆ. ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂಡಿದಾಗ ಪಡಸಾಲಿಯಲ್ಲಿ ನಿಂತು ಹೇಳುತ್ತೇನೆ: ದೋಷ ಆಕಿದಲ್ಲ. ನಮ್ಮ ಮನಿ ಗಂಡಸರದು. ನನಗ ಮೊದಲ ಗೊತ್ತಿತ್ತು.

ಭಾವನ ಮುಂದೆ ನೀನು ಹೊರಗೆ ಬರುವುದಿಲ್ಲ, ಗೊತ್ತು. ಒಳಗೇ ಇರು. ಬಾಗಿಲ ಹಿಂದೆ ನಿಂತವರಿಗೂ ಕೇಳಿಸುವಷ್ಟು ಜೋರಾಗಿ ಹೇಳುತ್ತೇನೆ.