ಖಾರವಿಲ್ಲದ ಹಿಂಡಿ

ಸೂರತ್ತಿನ ಹೊರವಲಯದಲ್ಲಿ, ಸಿಗಡಿ ಹೊಂಡದ ಬದುವಿನ ಮೇಲೆ ನಿಂತು ರೈತರೊಡನೆ ಮಾತಾಡುತ್ತಿರುವಾಗಲೇ ಆ ಫೋನು ಬರುತ್ತದೆ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮಗಳ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಕಾಕು ಮಾಡುವ ಫೋನು. ನೀನು ಹೇಗಿದ್ದೀ ಎಂದು ಅವರು ಮೊದಲು ಕೇಳುವುದಿಲ್ಲ. "ಮರಿಗೋಳು ಉಂಡವೇನು?" ಎಂದೇ ಶುರು. ಉಂಡವು ಎಂದು ನಾನು ಹೇಳಿದ ಮೇಲೆಯೇ ಮುಂದಿನ ಮಾತು.

ಕಾಕು ನನಗೆ ನೆಂಟರಲ್ಲ. ನಾನು ಕುಂದಾಪುರದ ಕಡೆಯ ಮೀನುಗಾರರ ಮನೆಯವಳು. ಅವರು ಧಾರವಾಡದವರು, ಮೊಟ್ಟೆಯೂ ಹೊಸ್ತಿಲು ದಾಟದ ಮನೆಯವರು. ವಡೋದರದಲ್ಲಿ ನಾನು ಮೀನು ಸಾಕಣೆಯಲ್ಲಿ ಪಿಎಚ್‌ಡಿ ಮಾಡುವಾಗ ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ, ಅಷ್ಟೆ. 'ಅಷ್ಟೆ' ಎಂದು ಬರೆದೆನಲ್ಲ, ಅದು ಶುದ್ಧ ಸುಳ್ಳು.

ಆ ಕೋಣೆ ಸಿಗುವ ಮುಂಚೆ ಊರೆಲ್ಲ ಅಲೆದಿದ್ದೆ. ಮನೆಯವರು ಕೂರಿಸಿ ನೀರು ಕೊಡುತ್ತಿದ್ದರು, ಏನು ಓದುತ್ತೀ ಎನ್ನುತ್ತಿದ್ದರು. ಮೀನು ಎಂದರೆ ಕೊಟ್ಟ ಲೋಟವನ್ನೂ ಅವಸರದಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ವಕೀಲರು ಕಳ್ಳರ ಬಗ್ಗೆ ಓದುತ್ತಾರೆ, ಅವರಿಗೆ ಮನೆ ಕೊಡುವುದಿಲ್ಲವೇ ಎಂದು ಒಬ್ಬರ ಮನೆಯಲ್ಲಿ ಹಿಂದಿಯಲ್ಲಿ ರೇಗಿ ಎದ್ದು ಬಂದೆ. ಕೊನೆಗೆ ಯಾರೋ ಕನ್ನಡದವರ ಮನೆ ಇದೆ ಎಂದರು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು, ನಿವೃತ್ತಿಯ ಮೇಲೂ ಇಲ್ಲೇ ಉಳಿದ ದಂಪತಿ. ಮೀನು ಸಾಕುವುದನ್ನು ಓದುತ್ತಿದ್ದೇನೆ ಎಂದು ಹೇಳಿ, ಲೋಟ ಕೆಳಗಿಟ್ಟು, ಎದ್ದು ಹೋಗಲು ತಯಾರಾದೆ.

"ಸಾಕೂದಂದ್ರ ಪುಣ್ಯೇದ ಕೆಲಸ ಆತಲ್ಲವಾ," ಎಂದರು ಆಕೆ. "ಯಾವಾಗ ಬರ್ತಿ?"

ಸಾಕುವುದು ಎಂದಾಗ ಅವರ ಕಣ್ಣ ಮುಂದೆ ಬಂದದ್ದು ಹಿತ್ತಲಿನ ಆಕಳು, ಪಂಜರದ ಗಿಳಿ. ನಮ್ಮ ಕಡಲ ಬದಿಯಲ್ಲಿ ಮೀನು ಯಾತಕ್ಕೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇವರಿಗೆ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಮರುದಿನವೇ ಚೀಲ ತಂದಿಟ್ಟೆ. ಧಾರವಾಡದಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ ತಮಗೆ ಕಾಕು, ಗಂಡನಿಗೆ ಕಾಕಾ ಅನ್ನಬೇಕೆಂದು ಅವರೇ ಹೇಳಿಕೊಟ್ಟರು.

ಸಾಮಾನ್ಯವಾಗಿ ಸಾಕು ಮೀನಿನ ಮೇವಿಗೆ ಸಣ್ಣ ಮೀನನ್ನು ಒಣಗಿಸಿ ಪುಡಿ ಮಾಡಿ ಬೆರೆಸುತ್ತಾರೆ. ಅದರ ಬದಲು ಶೇಂಗಾ ಹಿಂಡಿ ಬೆರೆಸಿದರೆ ರೋಹು ಮರಿಗಳು ಅಷ್ಟೇ ಚೆನ್ನಾಗಿ ಬೆಳೆಯುತ್ತವೆಯೇ? ನನ್ನ ಸಂಶೋಧನೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಒಂದು ಸಂಜೆ ಇದನ್ನು ವಿವರಿಸಿದಾಗ ಕಾಕುವಿನ ಮುಖದಲ್ಲಿ ಸಂತೋಷವೂ ಬಂತು, ಚಿಂತೆಯೂ ಬಂತು. "ಖಾರ ಹತ್ತೂದಿಲ್ಲೇನ ಅವಕ್ಕ?" ಎಂದರು.

ನನಗೆ ಅರ್ಥವಾಗಲಿಲ್ಲ. ಕಾಕಾ ಮಾತ್ರ ಪೇಪರು ಮಡಚಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಕಡೆ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದು, ದನಕ್ಕೆ ಹಾಕುವುದು. ಧಾರವಾಡದಲ್ಲಿ ಶೇಂಗಾ ಹಿಂಡಿ ಎಂದರೆ ಹುರಿದ ಶೇಂಗಾಕ್ಕೆ ಕೆಂಪು ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ. ನಾನು ಪಾಪದ ಮೀನುಗಳಿಗೆ ದಿನಾ ಚಟ್ನಿಪುಡಿ ತಿನ್ನಿಸುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಕಾಕಾ ಎಷ್ಟು ಬಿಡಿಸಿ ಹೇಳಿದರೂ ಕಾಕುವಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಬೆಳಿಗ್ಗೆ ಮೆಟ್ಟಿಲಿಳಿದರೆ ಕೈಗೆ ಒಂದು ಬಾಟಲಿ ಬಂತು. ಖಾರ ಹಾಕದೆ ಕುಟ್ಟಿದ ಹಿಂಡಿ, ಮೀನಿಗೆ.

ತೊಟ್ಟಿಗೆ ಹೊರಗಿನದು ಒಂದು ಚಿಟಿಕೆಯೂ ಬೀಳಬಾರದು, ಲೆಕ್ಕವೆಲ್ಲ ಕೆಡುತ್ತದೆ ಎಂದೆ. ಹಾಗಾದರೆ ನೀನೇ ತಿನ್ನು ಎಂದರು. ಅದನ್ನು ಇಡೀ ವಿಭಾಗ ಹಂಚಿಕೊಂಡು ತಿಂದಿತು. ಗುಜರಾತಿನವರೇ ಆದ ನಮ್ಮ ಗೈಡ್ ಎರಡು ಸಲ ಹಾಕಿಸಿಕೊಂಡು, ಚೂರು ಸಕ್ಕರೆ ಬಿದ್ದಿದ್ದರೆ ಚೆನ್ನಿತ್ತು ಎಂದರು.

ಅಂದಿನಿಂದ ಕಾಕು ದಿನಾ ಸಂಜೆ ಮೀನಿನ ಯೋಗಕ್ಷೇಮ ವಿಚಾರಿಸತೊಡಗಿದರು. ಒಂದು ದಿನ ನೋಡಲೂ ಬಂದರು. ವಿಭಾಗದ ಹಿಂದಿನ ಶೆಡ್ಡಿನಲ್ಲಿ ಸಾಲಾಗಿ ತೊಟ್ಟಿಗಳು, ಗಾಳಿಯ ಪೈಪುಗಳ ಬುಳುಬುಳು. ಕಾಲಿನ ಸದ್ದಿಗೆ ಮರಿಗಳೆಲ್ಲ ಮೇಲೆ ಬಂದು ಬಾಯಿ ತೆರೆದವು. ಕಾಕು ಸೆರಗು ಬಿಗಿದುಕೊಂಡು ಬಗ್ಗಿ, ಪ್ರತಿ ತೊಟ್ಟಿಗೂ ಬೇರೆ ಬೇರೆಯಾಗಿ ಕನ್ನಡದಲ್ಲಿ ಮಾತಾಡಿಸಿದರು. ಮರಳುವ ದಾರಿಯಲ್ಲಿ, ರಿಕ್ಷಾದಲ್ಲಿ, ತಮ್ಮ ಮಗಳ ಸುದ್ದಿ ತೆಗೆದರು. ಇಲ್ಲೇ ಹುಟ್ಟಿ ಬೆಳೆದವಳು, ಅಹಮದಾಬಾದಿನಲ್ಲಿ ಕೆಲಸ. ಉಂಡೆಯಾ ಎಂದು ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳಂತೆ. ಹೇಳುವಾಗ ಅವರು ನಗುತ್ತಲೇ ಇದ್ದರು.

ಪ್ರಯೋಗ ಮುಗಿಯುತ್ತ ಬಂದಾಗ ಕಾಕು ತಮ್ಮ ಯೋಜನೆ ಹೇಳಿದರು. ಇಷ್ಟು ದಿನ ಸಾಕಿದ ಮೀನುಗಳನ್ನು ಕೆರೆಗೆ ಬಿಡುವುದು. ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಸುದ್ದಿ ಹಾಕಿದ್ದರು. ಅರಿಶಿನ ಕುಂಕುಮ ಯಾರು ತರುವುದು, ಪ್ರಸಾದ ಯಾರು ಮಾಡುವುದು, ಎಲ್ಲ ನಿಶ್ಚಯವಾಗಿತ್ತು.

ಇನ್ನು ಹೇಳದೆ ಗತ್ಯಂತರವಿರಲಿಲ್ಲ. ಅಲ್ಲೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ತಿಂದ ಮೇವು ಮೈಗೆ ಎಷ್ಟು ಹತ್ತಿತು ಎಂದು ತಿಳಿಯಬೇಕಾದರೆ ಪ್ರತಿ ತೊಟ್ಟಿಯಿಂದ ಕೆಲವನ್ನು ಕೊಲ್ಲಬೇಕು, ಒಣಗಿಸಬೇಕು, ಪುಡಿ ಮಾಡಬೇಕು. ಅದಿಲ್ಲದೆ ನನ್ನ ಪ್ರಬಂಧವಿಲ್ಲ. ಉಳಿದವು ಸಾಕಣೆ ಕೊಳಕ್ಕೆ, ಅಲ್ಲಿಂದ ಮಾರುಕಟ್ಟೆಗೆ. ಸಾಕುವುದೇ ಅದಕ್ಕಾಗಿ.

ಕಾಕು ಒಲೆಯ ಕಡೆ ತಿರುಗಿದರು. ಮರುದಿನ ಸಂಜೆ ಮರಿಗಳ ವಿಚಾರ ಬರಲಿಲ್ಲ, ಅದರ ಮರುದಿನವೂ ಇಲ್ಲ. ಕೋಣೆ ಹೋದರೆ ಇನ್ನೊಂದಕ್ಕಾಗಿ ಅಲೆದಾಡಿ ಜಗಳವಾಡಿ ಗಿಟ್ಟಿಸಿಕೊಳ್ಳುತ್ತಿದ್ದೆ. ಆದರೆ ಮನೆಗೆ ಬಂದ ಕೂಡಲೇ ಮರಿಗಳು ಉಂಡವೇ ಎಂಬ ಆ ಒಂದು ಪ್ರಶ್ನೆ ಕೇಳುವವರು ಈ ಊರಿನಲ್ಲಿ ಇನ್ನೆಲ್ಲಿ ಸಿಗುತ್ತಾರೆ? ಅವರನ್ನು ಕಳೆದುಕೊಂಡೆ ಎಂದು ನನಗೆ ನಿಜವಾಗಿ ಭಯವಾಯಿತು.

ಪ್ರಯೋಗದ ಕೊನೆಯಲ್ಲಿ ಮೀನುಗಳನ್ನು ತೂಗಲು ಎರಡು ದಿನವಿದ್ದಾಗ ಕಾಕು ಮಂಡಿನೋವಿನಲ್ಲೂ ಮಹಡಿ ಹತ್ತಿ ಬಂದರು. ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡರು.

"ಒಂದ ಮಾತು ನಡಸಿಕೊಡು. ಹೊಟ್ಟಿ ತುಂಬ ಉಣಿಸಿ ಕಳಸು ಅವನ್ನ."

ಅವರು ಕೇಳಿದ್ದು ಇಷ್ಟೇ. ಇಷ್ಟನ್ನೂ ನಡೆಸಿಕೊಡಲು ನನ್ನಿಂದಾಗುತ್ತಿರಲಿಲ್ಲ. ತೂಗುವ ಮುಂಚೆ ಒಂದಿಡೀ ದಿನ ಮೀನಿಗೆ ಮೇವು ಹಾಕುವಂತಿಲ್ಲ. ಹೊಟ್ಟೆಯಲ್ಲಿರುವ ಮೇವು ತೂಕದಲ್ಲಿ ಸೇರಿಬಿಡುತ್ತದೆ. ಹೇಳಿದೆ. ನನ್ನ ದನಿ ನನಗೇ ಕಟುಕರ ದನಿಯಂತೆ ಕೇಳಿಸಿತು. ಕಾಕು ತಲೆಯಾಡಿಸಿ, ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಮೇವು ನಿಲ್ಲಿಸಿದ ದಿನ ಮರಿಗಳು ಎಂದಿನಂತೆ ಮೇಲೆ ಬಂದು ಬಾಯಿ ತೆರೆದವು. ಸಂಜೆ ಮನೆಗೆ ಬಂದರೆ ಕಾಕಾ ಜಗುಲಿಯಲ್ಲಿ ಕುಳಿತು, ಮೂಲೆಯಂಗಡಿಯಿಂದ ತಂದ ಸೇವ್-ಉಸಳ್ ತಿನ್ನುತ್ತಿದ್ದರು. ಒಳಗೆ ಒಲೆ ಹತ್ತಿರಲಿಲ್ಲ.

"ಇವತ್ತ ಏಕಾದಶಿನೂ ಅಲ್ಲ, ಸಂಕಷ್ಟಿನೂ ಅಲ್ಲ," ಎಂದರು ಕಾಕಾ ತಗ್ಗಿದ ದನಿಯಲ್ಲಿ. "ನಿನ್ನ ಮೀನಿನ ಉಪಾಸ. ಮುಂಜಾನಿಂದ ಹನಿ ನೀರು ಮುಟ್ಟಿಲ್ಲ ಆಕಿ."

ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನಗೂ ಊಟ ಸೇರಲಿಲ್ಲ.

ಬೆಳಿಗ್ಗೆ ಯಾರಿಗೂ ಮುಖ ತೋರಿಸದೆ ಹೋಗಿಬಿಡೋಣ ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಸದ್ದು ನಿಂತಿತು. ಬಾ ಎಂದರು. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರು, ಪಕ್ಕದಲ್ಲಿ ಕೆಂಪಗೆ ಶೇಂಗಾ ಹಿಂಡಿ. ತಡವಾಗುತ್ತದೆ, ಗೈಡ್ ಕಾಯುತ್ತಿರುತ್ತಾರೆ ಎಂದೆ. ಕಾಕು ಮಣೆ ಹಾಕಿದರು.

"ನೀ ಸಾಕಿದ್ದನ್ನ ನೀ ಉಪಾಸ ಕಳಸು. ಅದು ನಿನ್ನ ಓದು," ಎಂದರು. "ನಾ ಸಾಕಿದ್ದನ್ನ ನಾ ಉಪಾಸ ಕಳಸೂದಿಲ್ಲ. ಕೂಡು."

ಕುಳಿತೆ. ಕಣ್ಣಲ್ಲಿ ನೀರು ಬಂತು. ಹಿಂಡಿ ಖಾರವಾಗಿದೆ ಎಂದೆ. ಅವರು ಇನ್ನಷ್ಟು ಮೊಸರು ಬಡಿಸಿ, ತಮಗೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕುಳಿತರು. ರೊಟ್ಟಿ ಮುಗಿಯುತ್ತಿದ್ದಂತೆ ಮತ್ತೊಂದು ಬಂತು, ಅದರ ಮೇಲೆ ಇನ್ನೊಂದು.

ಸಾಕು ಕಾಕು, ಎಂದೆ.

ಹ್ಞೂಂ, ಸಾಕ್ತೀನಿ, ಎಂದು ಅವರು ಮತ್ತೊಂದು ಹಾಕಿದರು.