ನಡುಹೊಳೆಯಲ್ಲಿ ಇಳಿಯುವಂತಿಲ್ಲ

ಪುಕ್ಕಟೆ ಎಂಬ ಒಂದು ಮಾತೇ ನಮ್ಮ ಮನೆಯಲ್ಲಿ ಗದ್ದಲ ಎಬ್ಬಿಸಿತು. ಹೊಲಿಗೆ ಕಲಿಯಲು ದುಡ್ಡು ಕೊಡಬೇಕು, ಟೈಪಿಂಗ್ ಕಲಿಯಲು ದುಡ್ಡು ಕೊಡಬೇಕು. ಹಾಗಿರುವಾಗ ಚಿಕ್ಕೋಡಿಯಲ್ಲಿ ಯಾರೋ ಬಂದು ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಅಭಿನಯ, ನೃತ್ಯ ಎರಡನ್ನೂ ಪುಕ್ಕಟೆ ಕಲಿಸುತ್ತಾರಂತೆ! ನಮ್ಮ ಅಂಕಲಿಯ ಬಸ್ ನಿಲ್ದಾಣದ ಚಹಾದಂಗಡಿಯ ಗೋಡೆಗೆ ಅಂಟಿಸಿದ್ದ ಆ ಜಾಹೀರಾತನ್ನು ನನಗಿಂತ ಮೊದಲು ನೋಡಿದವನು ಕಾಕಾ.

"ಪುಕ್ಕಟೆ ಅಂದ್ರ ಒಳಗ ಏನರ ಐತಿ ಅಂತ ತಿಳ್ಕೋಬೇಕು. ಕಂಪನಿ ನಾಟಕದವ್ರು ಹುಡಿಗ್ಯಾರ್ನ ಹುಡುಕಾಕ ಬಂದಿರ್ತಾರ," ಎಂದು ಊಟಕ್ಕೆ ಕುಳಿತಾಗ ತೀರ್ಪು ಕೊಟ್ಟ.

ಅದು ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಮನೆ ಕೂಡುಕುಟುಂಬ. ಅಪ್ಪ ಹಿರಿಯ, ಆದರೆ ಅವನ ಲೋಕವೆಲ್ಲ ಕಬ್ಬಿನ ಹೊಲದಲ್ಲಿ. ಊರಿನ ಸಭೆ, ಪಂಚಾಯಿತಿ, ಮಾತುಕತೆ ಇವೆಲ್ಲ ಅವನ ತಮ್ಮ ಕಾಕಾನ ಪಾಲು. ಹಾಗಾಗಿ ಮನೆಯಲ್ಲೂ ಕಾಕಾ ಹೇಳಿದ್ದೇ ನಡೆಯುತ್ತಿತ್ತು. ಅಪ್ಪ ತುಟಿಪಿಟಕ್ ಎನ್ನುತ್ತಿರಲಿಲ್ಲ.

ತಮಾಷೆ ಏನೆಂದರೆ, ನಮ್ಮ ಸುತ್ತಮುತ್ತಲಿನ ಊರುಗಳಲ್ಲೆಲ್ಲ ಕಾಕಾನಷ್ಟು ನಾಟಕದ ಹುಚ್ಚಿನವನು ಇನ್ನೊಬ್ಬನಿರಲಿಲ್ಲ. ಎಲ್ಲಿ ನಾಟಕವಿದ್ದರೂ ಮುಂದಿನ ಸಾಲಿನಲ್ಲಿ ಅವನಿಗೊಂದು ಕುರ್ಚಿ ಕಾಯಂ. ಊರಿನ ಹುಡುಗರು ಆಡುವ ನಾಟಕಗಳಿಗೆ ನಟಿಯರನ್ನು ಹೊರಗಿನಿಂದ ಕರೆಸುತ್ತಿದ್ದರು. ಹಾಡು ಮೆಚ್ಚುಗೆಯಾದರೆ, ಕುಣಿತ ಸೊಗಸಾದರೆ, ನೋಡುವವರು ಆಟ ನಡೆಯುತ್ತಿರುವಾಗಲೇ ಸ್ಟೇಜು ಹತ್ತಿ ನಟಿಯ ಸೆರಗಿಗೆ ಪಿನ್ನಿನಿಂದ ನೋಟು ಚುಚ್ಚಿ ಬರುತ್ತಿದ್ದರು. ಅದಕ್ಕೆ ನಮ್ಮ ಕಡೆ ಆಯೇರಿ ಎನ್ನುತ್ತಾರೆ. ಆಗ ರಾಜ ಸಾಯುತ್ತಿದ್ದರೂ ಆಟ ನಿಲ್ಲುತ್ತದೆ. ಮೈಕಿನವನು ಬಂದು ಆಯೇರಿ ಮಾಡಿದವರ ಹೆಸರು, ಊರು, ಮನೆತನ ಎಲ್ಲವನ್ನೂ ಕೂಗಿ ಹೇಳುತ್ತಾನೆ. ನಟಿಯ ಹೆಸರನ್ನು ಯಾರೂ ಹೇಳುವುದಿಲ್ಲ. ಮೊದಲ ಆಯೇರಿ ಯಾವಾಗಲೂ ಕಾಕಾನದೇ. ಅದಕ್ಕೆಂದೇ ಅವನ ಅಂಗಿಯ ಜೇಬಿನಲ್ಲಿ ಪಿನ್ನುಗಳು ಸದಾ ಇರುತ್ತಿದ್ದವು.

ಅಂಥ ಮನುಷ್ಯ ನನಗೆ ಬುದ್ಧಿ ಹೇಳಲು ಕುಳಿತಿದ್ದ.

"ನಮ್ಮ ಮನಿ ಹುಡಿಗಿ ಸ್ಟೇಜ್ ಮ್ಯಾಲ ಕುಣಿಯೂದಂದ್ರ ಏನು? ನಾಳೆ ಯಾವನರ ಬಂದು ಸೆರಗಿಗೆ ನೋಟು ಚುಚ್ಚಿದ್ರ ಏನ್ ಮಾಡ್ತಿ?"

"ನೀ ಹೋಗಿ ಚುಚ್ಚಿ ಬರ್ತೀಯಲ್ಲ ಕಾಕಾ, ಆ ಹುಡಿಗ್ಯಾರ ಮನ್ಯಾಗ ಕಾಕಾಗೋಳು ಇರಂಗಿಲ್ಲೇನು?"

ಮಾತು ಬಾಯಿಂದ ಬಿದ್ದೇ ಹೋಯಿತು. ಇಂದಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕಾಕಾ ತಾಟು ಸರಿಸಿ ಎದ್ದ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಒಂದು ಕ್ಷಣ ನಿಂತು ಮತ್ತೆ ಬಡಿಯತೊಡಗಿತು. ಮುಂದಿನ ಎರಡು ದಿನ ನಾನು ಉಪವಾಸ ಮಾಡಲಿಲ್ಲ, ಅಳಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡು ಎದುರು ಸಿಕ್ಕವರಿಗೆಲ್ಲ "ನಾ ಹೋಗ್ತೀನಿ" ಎಂದಷ್ಟೇ ಹೇಳುತ್ತಿದ್ದೆ. ಕೊನೆಗೆ ಅಪ್ಪನೇ ಒಂದು ದಾರಿ ಹುಡುಕಿದ. "ಕಲ್ತು ಬರ್ಲಿ, ಕಲಿಯೂದ್ರಾಗ ಏನೈತಿ? ಸ್ಟೇಜ್ ಹತ್ತಂಗಿಲ್ಲ. ಕಡೀ ದಿನ ಬೇಕಾದ್ರ ಪರದೆ ಎಳೀಲಿ. ನಾ ಮಾತು ಕೊಡ್ತೀನಿ," ಎಂದು ತಮ್ಮನಿಗೆ ಹೇಳಿದ. ಮಾತು ಕೊಟ್ಟವನು ಅಪ್ಪ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಚಿಕ್ಕೋಡಿಯ ಒಂದು ಹೈಸ್ಕೂಲಿನ ತಗಡಿನ ಹಾಲಿನಲ್ಲಿ ಶಿಬಿರ. ಬೆಳಗಿನ ಕೆಂಪು ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅಭಿನಯ ಹೇಳಿಕೊಡಲು ಧಾರವಾಡದ ಕಡೆಯಿಂದ ಬಂದಿದ್ದ ಒಬ್ಬರು ಮಾಸ್ತರರು, ನೃತ್ಯಕ್ಕೆ ಅವರ ಜೊತೆ ಬಂದಿದ್ದ ಒಬ್ಬರು ಅಕ್ಕೋರು. ಕಂಪನಿಯವರಲ್ಲ, ಹುಡುಗಿಯರನ್ನು ಹುಡುಕಲು ಬಂದವರೂ ಅಲ್ಲ. ಮಧ್ಯಾಹ್ನ ನಮ್ಮ ಬುತ್ತಿಯ ರೊಟ್ಟಿಯನ್ನೇ ಹಂಚಿಕೊಂಡು ತಿನ್ನುತ್ತಿದ್ದರು. ಅಥಣಿ, ರಾಯಬಾಗ, ಕಾಗವಾಡದ ಹುಡುಗರಿದ್ದರು. ನಿಪ್ಪಾಣಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಅವಳ ತಾಯಿ ಬೀಡಿ ಕಟ್ಟುತ್ತಿದ್ದಳು. ಸಿಟ್ಟು ಬಂದರೆ ಅವಳ ಬಾಯಿಂದ ಮರಾಠಿ, ನಗು ಬಂದರೆ ಕನ್ನಡ. ಮಾಸ್ತರರು ಅದನ್ನು ತಿದ್ದಲೇ ಇಲ್ಲ. "ಮನ್ಯಾಗ ಹೆಂಗ ಮಾತಾಡ್ತೀರಿ ಹಂಗ ಮಾತಾಡ್ರಿ" ಎನ್ನುತ್ತಿದ್ದರು. ಊರಲ್ಲಿ ಯಾವ ಬೋರ್ಡಿಗೆ ಯಾವ ಭಾಷೆ ಎಂದು ದೊಡ್ಡವರು ಕಿತ್ತಾಡುತ್ತಿದ್ದ ಕಾಲ ಅದು. ನಾವು ಆ ಹಾಲಿನಲ್ಲಿ ಎರಡೂ ಭಾಷೆಯಲ್ಲಿ ಬೈದಾಡಿಕೊಂಡು ಸುಖವಾಗಿದ್ದೆವು.

ನಾಟಕವನ್ನು ನಾವೇ ಕಟ್ಟಿದೆವು. ಮದುವೆಯ ದಿಬ್ಬಣವೊಂದು ಹೊಳೆ ದಾಟಬೇಕು. ಹೊಳೆ ತುಂಬಿದೆ. ದೋಣಿ ನಡುಹೊಳೆಗೆ ಬಂದಾಗ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ಮದುಮಗಳನ್ನು ಕೇಳುತ್ತಾನೆ: ಯಾವ ದಂಡೆಗೆ ಹೋಗಬೇಕು ನಿನಗೆ? ಆ ಹುಡುಗಿಯನ್ನು ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರುವುದಿಲ್ಲ. ಹಿರಿಯರೆಲ್ಲ ಅಂಬಿಗನ ಮೇಲೆ ಮುಗಿಬೀಳುತ್ತಾರೆ. ಕಥೆ ಇಷ್ಟೇ.

ಅಂಬಿಗನ ಪಾತ್ರಕ್ಕೆ ಮಾಸ್ತರರು ಎಲ್ಲರನ್ನೂ ಮೈದಾನದ ಒಂದು ತುದಿಯಲ್ಲಿ ನಿಲ್ಲಿಸಿ, ಆಚೆ ದಂಡೆಯಲ್ಲಿ ಇರುವವನನ್ನು ಕರೆದಂತೆ ಕೂಗಲು ಹೇಳಿದರು. ಹುಡುಗರು ಕೂಗಿದರು, ಗಂಟಲು ಕೆರೆದುಕೊಂಡರು. ನಾನು ಕೃಷ್ಣೆಯ ಪಕ್ಕದ ಊರಿನವಳು, ಹುಟ್ಟಿದಾಗಿನಿಂದ ಹೊಲದ ಈ ತುದಿಯಿಂದ ಆ ತುದಿಗೆ ಅಪ್ಪನನ್ನು ಊಟಕ್ಕೆ ಕರೆದವಳು. ನನ್ನ ಕೂಗಿಗೆ ಮೈದಾನದಾಚೆಯ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಕಾಲು ಊರಿ ನಿಂತ. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. "ಅಂಬಿಗ ಸಿಕ್ಕ," ಎಂದರು.

ನಮ್ಮ ಕಡೆಯ ಆಟಗಳಲ್ಲಿ ಗಂಡಸರು ಸೀರೆ ಉಟ್ಟು ಹೆಣ್ಣಾಗುವುದು ಯಾರಿಗೂ ವಿಚಿತ್ರವಲ್ಲ. ಮೀಸೆ ಬೋಳಿಸಿಕೊಂಡು ದ್ರೌಪದಿಯಾದವನಿಗೆ ಕೈ ಮುಗಿಯುವವರೂ ಇದ್ದರು. ಹೆಣ್ಣು ಧೋತರ ಉಟ್ಟರೆ ಮಾತ್ರ ಆಕಾಶ ಕಳಚಿ ಬೀಳಬೇಕೆ? ಬೀಳಲಿ, ನೋಡೋಣ ಎಂದು ಒಪ್ಪಿಕೊಂಡೆ.

ಅಕ್ಕೋರು ನಮ್ಮಿಂದಲೇ ದೋಣಿ ಮಾಡಿದರು. ಹುಡುಗರು, ಹುಡುಗಿಯರು ಎರಡು ಸಾಲಾಗಿ, ಮೊಣಕಾಲು ಬಾಗಿಸಿ ಅರ್ಧ ಕುಳಿತಂತೆ ನಿಂತು, ಕೈಗೆ ಕೈ ಕೂಡಿಸಿ ಅಲೆಗೆ ತೂಗಬೇಕು. ತೊಡೆ ನಡುಗುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. "ಯಾರೇ ಬರ್ಲಿ, ಏನೇ ಆಗ್ಲಿ, ದೋಣಿ ದಂಡಿ ಮುಟ್ಟೂ ತನಕ ಯಾರೂ ಕಾಲು ನೆಟ್ಟಗ ಮಾಡಂಗಿಲ್ಲ. ಒಬ್ರು ಎದ್ರ ದೋಣಿ ಮುಳುಗ್ತೈತಿ," ಎಂದು ಅಕ್ಕೋರು ದಿನಾ ಗದರುತ್ತಿದ್ದರು.

ಧೋತರ ಮಾಸ್ತರರದೇ ಇತ್ತು. ತಲೆಗೆ ಸುತ್ತಲು ಪಟಕಾ ಬೇಕಾಗಿತ್ತು. ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಪ್ರದರ್ಶನದ ದಿನ ಬೆಳಿಗ್ಗೆ ಬುತ್ತಿಯ ಚೀಲದಲ್ಲಿ ರೊಟ್ಟಿಯ ಗಂಟಿನ ಕೆಳಗೆ ಒಂದು ಗುಲಾಬಿ ಪಟಕಾ ಇತ್ತು. ಕಾಕಾ ತನ್ನ ಮದುವೆಯಲ್ಲಿ ಸುತ್ತಿದ್ದ ಪಟಕಾ.

ಪ್ರದರ್ಶನ ಸಂಜೆ, ಇನ್ನೂ ಬೆಳಕಿರುವಾಗಲೇ, ಹೈಸ್ಕೂಲಿನ ಮೈದಾನದಲ್ಲಿ. ಪರದೆಯ ಸಂದಿಯಿಂದ ಇಣುಕಿದೆ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕಾಕಾ! ಈ ಕಡೆ ಯಾರು ನಾಟಕದ ಪೋಷಕರು ಎಂದು ಮಾಸ್ತರರು ವಿಚಾರಿಸಿದ್ದರು, ಊರವರು ಅವನ ಹೆಸರನ್ನೇ ಹೇಳಿದ್ದರು, ಇವರು ಅತಿಥಿ ಎಂದು ಕರೆದಿದ್ದರು. ಅಣ್ಣನ ಮಗಳು ಪರದೆ ಎಳೆಯುತ್ತಾಳೆ ಎಂದುಕೊಂಡು ಅವನು ನೆಮ್ಮದಿಯಾಗಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ. ಮಾಸ್ತರರಿಗೆ ನಿಜ ಹೇಳಿದೆ. ಅವರ ಮುಖ ಸಪ್ಪಗಾಯಿತು. "ಏನ್ ಮಾಡ್ತೀ? ನಿನ್ನ ಮನಿ, ನಿನ್ನ ಮಾತು," ಎಂದರು. ನಾನು ಕಾಡಿಗೆಯ ಮೀಸೆಯನ್ನು ಇನ್ನಷ್ಟು ದಪ್ಪ ಮಾಡಿಕೊಂಡೆ.

ಹೊಟ್ಟೆಯ ಆಳದಿಂದ ದನಿ ತೆಗೆದು ಮೊದಲ ಕೂಗು ಕೂಗಿದೆ. ಹುಟ್ಟು ಹಾಕುತ್ತ ಹೆಜ್ಜೆ ಹಾಕಿದೆ. ಬೆನ್ನ ಹಿಂದೆ ದೋಣಿ ತೂಗಿತು. ನಡುಹೊಳೆಯಲ್ಲಿ ನಿಂತು ಮದುಮಗಳಿಗೆ, "ಎಲ್ಲಾರೂ ಮಾತಾಡಿದ್ರು, ನೀ ಹೇಳ ತಂಗಿ, ಯಾವ ದಂಡಿಗೆ?" ಎಂದೆ.

"ಶಾಬ್ಬಾಸ್!"

ಆ ದನಿ ಯಾರದೆಂದು ನನಗೆ ತಿರುಗಿ ನೋಡಬೇಕಾಗಿರಲಿಲ್ಲ. ಕಾಕಾ ಎದ್ದಿದ್ದ. ಒಂದು ಕೈಯಲ್ಲಿ ನೋಟು, ಇನ್ನೊಂದರಲ್ಲಿ ಪಿನ್ನು. ಮಾಸ್ತರರು ಪಕ್ಕದಿಂದ ಕೈ ಬೀಸಿದರು. ಇದು ಶಿಬಿರ, ಇಲ್ಲಿ ಆಯೇರಿ ಇಲ್ಲ ಎಂದು ಅವರು ಮೊದಲೇ ಹೇಳಿದ್ದರು. ಆದರೆ ಮೆಚ್ಚಿದ ಮೇಲೆ ಸ್ಟೇಜು ಹತ್ತದೆ ಕುಳಿತಿರುವುದು ಕಾಕಾನಿಗೆ ಗೊತ್ತೇ ಇರಲಿಲ್ಲ. ಮೈಕ್ ಸೆಟ್ಟಿನವನೂ ರೂಢಿಯಂತೆ ಮೈಕು ಹಿಡಿದು ಅವನ ಹಿಂದೆಯೇ ಹತ್ತಿದ.

ಕಾಕಾ ನಗುತ್ತ ನನ್ನ ಹೆಗಲಿಗೆ ಕೈ ಹಾಕಿದ. ಪಿನ್ನು ಅಂಗಿಯ ತನಕ ಬಂತು. ಅವನು ಮೊದಲು ಗುರುತಿಸಿದ್ದು ನನ್ನನ್ನಲ್ಲ, ಪಟಕಾವನ್ನು. ಹುಬ್ಬು ಗಂಟಿಕ್ಕಿದ. ಆಮೇಲೆ ಕಣ್ಣು ಕೆಳಗಿಳಿದು ಮೀಸೆಯ ಹತ್ತಿರ ನಿಂತಿತು. ನಗು ಆರಿಹೋಯಿತು.

"ಇಳಿ ಕೆಳಗ," ಎಂದ. ನನಗಷ್ಟೇ ಕೇಳುವಂತೆ.

ಅಂದು ಇಳಿದಿದ್ದರೆ ಕಾಲೇಜಿಗೂ ಹೋಗುತ್ತಿರಲಿಲ್ಲ, ಇದು ಖಾತ್ರಿ. ಆ ವರ್ಷವೇ ಮದುವೆ ಮಾಡಿ ಮುಗಿಸುತ್ತಿದ್ದರು. ಹಿಂದೆ ಒಂದಿಷ್ಟು ಮಕ್ಕಳು ಮೊಣಕಾಲು ಬಾಗಿಸಿ ನಡುಗುತ್ತ ನಿಂತಿದ್ದರು. ಒಬ್ಬರೂ ಎದ್ದಿರಲಿಲ್ಲ. ಅದನ್ನು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರು ಕಾಲು ನೋಯಿಸಿಕೊಂಡು ನನಗಾಗಿ ದೋಣಿಯಾಗಿ ನಿಂತಿರುವಾಗ ನಾನು ಇಳಿದು ಹೋಗಲೇ? ಅಂಬಿಗನ ದನಿಯಲ್ಲೇ, ಮೈದಾನದ ಕೊನೆಯವರೆಗೂ ಕೇಳುವಂತೆ ಹೇಳಿದೆ:

"ನಡುಹೊಳ್ಯಾಗ ಯಾರೂ ಇಳಿಯಂಗಿಲ್ರಿ ಯಜಮಾನ್ರ! ದೋಣಿ ದಂಡಿ ಮುಟ್ಟಬೇಕು. ಹತ್ತೀರಿ ಅಂದ ಮ್ಯಾಲ ಕುಂದರ್ರಿ!"

ಜನ ಹೋ ಎಂದು ಕೂಗಿದರು. ಇದೂ ನಾಟಕದೊಳಗಿನ ಮಾತೇ ಎಂದುಕೊಂಡರು. "ಕುಂದರ್ರೀ, ಮುಳುಗೀರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮದುಮಗಳ ತಾಯಿಯಾಗಿದ್ದ ನಿಪ್ಪಾಣಿಯ ಹುಡುಗಿ ಒಂದಿಷ್ಟು ಸರಿದು ಜಾಗ ಮಾಡಿ, "ಬಸಾ ಪಾವ್ಣೆ, ಬಸಾ," ಎಂದು ಅಪ್ಪಟ ಮರಾಠಿಯಲ್ಲಿ, ನೆಂಟನನ್ನು ಕೂರಿಸುವಂತೆ ಉಪಚರಿಸಿದಳು. ಕಾಕಾ ಜನರನ್ನು ನೋಡಿದ, ನನ್ನನ್ನು ನೋಡಿದ. ಕುಳಿತ. ದೋಣಿ ಎಡಕ್ಕೆ ತೂಗಿದಾಗ ಎಡಕ್ಕೆ, ಬಲಕ್ಕೆ ತೂಗಿದಾಗ ಬಲಕ್ಕೆ, ಅವನೂ ತೂಗಲೇಬೇಕಾಯಿತು. ಮದುಮಗಳು ತನ್ನ ಮಾತು ಹೇಳಿದಳು. ದೋಣಿ ದಂಡೆ ಮುಟ್ಟಿತು.

ಚಪ್ಪಾಳೆ ನಿಲ್ಲುವ ಮೊದಲೇ ಮೈಕಿನವನು ಕಾಕಾನ ಬಾಯಿಗೆ ಮೈಕು ಹಿಡಿದ. "ಆಯೇರಿ ಯಾರಿಂದ, ಹೇಳ್ರಿ."

ನಾನು ಪಟಕಾ ಬಿಚ್ಚಿದೆ. ಜಡೆ ಬೆನ್ನ ಮೇಲೆ ಬಿತ್ತು. ಜನರಲ್ಲಿ ಗುಜುಗುಜು ಎದ್ದಿತು. "ನೋಟು ಬ್ಯಾಡ ಕಾಕಾ. ನಿನ್ನ ಹೆಸರು ಎಲ್ಲಾರಿಗೂ ಗೊತ್ತೈತಿ. ನನ್ನ ಹೆಸರು ಹೇಳು," ಎಂದೆ. ದನಿ ಬದಲಾಗಿತ್ತು. ಅದು ಅಂಬಿಗನದಲ್ಲ, ನನ್ನದೇ.

ಅವನು ನೋಟನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಕೆಮ್ಮಿ, "ಇಕಿ ನಮ್ಮ ಮನಿ ಹುಡಿಗಿ," ಎಂದ. ನನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಊರು ಹೇಳಿದ. ಹೆಮ್ಮೆಯಿಂದ ಹೇಳಿದನೋ, ಅಷ್ಟು ಜನರೆದುರು ಬೇರೆ ದಾರಿ ಕಾಣದೆ ಹೇಳಿದನೋ, ನಾನು ಕೇಳಲು ಹೋಗಲಿಲ್ಲ. ಹೇಳಿದನಲ್ಲ, ನನಗೆ ಅಷ್ಟು ಸಾಕಾಗಿತ್ತು.

ಬಸ್ಸಿನಲ್ಲಿ ಅವನು ಮುಂದೆ ಕುಳಿತ, ನಾನು ಹಿಂದೆ. ಮನೆಗೆ ಬಂದವನೇ, "ಪಟಕಾ ಯಾರು ಕೊಟ್ರು?" ಎಂದು ಗುಡುಗಿದ. ಅಪ್ಪ ಎಂದಿನಂತೆ ನೆಲ ನೋಡಿದ. ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. "ನಾನ ಕೊಟ್ಟೀನಿ. ಒಗದು ಮಡಚಿ ಇಡಾಕಿ ನಾನ, ಕೊಡಾಕಿನೂ ನಾನ," ಎಂದಳು. ಅಷ್ಟು ವರ್ಷಗಳಲ್ಲಿ ಅವ್ವ ಅವನಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ಊರು ಸುಮ್ಮನಿರಲಿಲ್ಲ. ಮೀಸೆ ಬರೆದುಕೊಂಡವಳನ್ನು ಯಾರು ಮದುವೆ ಮಾಡಿಕೊಳ್ಳುತ್ತಾರೆ ಎಂದು ಮೂಗು ಮುರಿದರು. ಮುರಿದುಕೊಳ್ಳಲಿ, ಮೂಗು ಅವರದು. ನಾನು ಕಾಲೇಜಿಗೆ ಹೋದೆ. ಮುಂದೆ ತೊಂಬತ್ತರ ದಶಕದಲ್ಲಿ ರಾಯಬಾಗ, ಅಥಣಿ, ಕಾಗವಾಡದ ಶಾಲೆಗಳಲ್ಲಿ ನಾನೇ ಶಿಬಿರ ನಡೆಸಿದೆ, ಪುಕ್ಕಟೆ. ಬಾಗಿಲಲ್ಲಿ ನಿಂತು ಅನುಮಾನದಿಂದ ನೋಡುವ ಅಪ್ಪಂದಿರನ್ನು, ಕಾಕಾಗಳನ್ನು ಒಳಗೆ ಕರೆದು ದೋಣಿಯಲ್ಲಿ ನಿಲ್ಲಿಸುತ್ತಿದ್ದೆ. ಮೊಣಕಾಲು ಬಾಗಿಸಿ ಸ್ವಲ್ಪ ಹೊತ್ತು ನಿಂತವರು ಆಮೇಲೆ ಮಗಳನ್ನು ಬೇಡ ಎನ್ನುತ್ತಿರಲಿಲ್ಲ.

ಆದರೆ ಅದಕ್ಕೂ ಮೊದಲಿನ ಮಾತು. ಮರುವರ್ಷದ ಬೇಸಿಗೆಯಲ್ಲಿ ಮಾಸ್ತರರು ಮತ್ತೆ ಚಿಕ್ಕೋಡಿಗೆ ಬಂದರು. ಕಾಕಾನಿಗೆ ಒಬ್ಬ ಮಗಳು, ನನಗಿಂತ ಚಿಕ್ಕವಳು. ಆ ರಾತ್ರಿಯ ಗಲಾಟೆಯನ್ನೆಲ್ಲ ಬಾಗಿಲ ಹಿಂದೆ ನಿಂತು ಕೇಳಿದ್ದವಳು. ಬೆಳಿಗ್ಗೆ ಅವಳಿಗೆ ಜಡೆ ಹಾಕಿ, ಕೈ ಹಿಡಿದುಕೊಂಡು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಕಾಕಾನ ಮುಂದೆ ನಿಂತೆ. ಕೇಳಲಿಲ್ಲ, ಹೇಳಿದೆ.

"ತಂಗೀನ ಶಿಬಿರಕ್ಕ ಕರ್ಕೊಂಡು ಹೊಂಟೀನಿ."

ಕಾಕಾ ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದ. ಮಗಳ ಕಡೆ ನೋಡಿದ. "ಈ ವರ್ಷಾನೂ ಪುಕ್ಕಟೆ ಏನು?"

"ಪುಕ್ಕಟೆ. ಆದ್ರ ಒಂದು ಕರಾರು ಐತಿ."

"ನಾ ಅವತ್ತ ಹೇಳಿದ್ದೆ, ಒಳಗ ಏನರ ಇರ್ತೈತಿ ಅಂತ. ಏನು ಕರಾರು?"

"ಕಡೀ ದಿನ ನೀ ಬರಬೇಕು," ಎಂದೆ. "ಪಿನ್ನು ಮನ್ಯಾಗ ಬಿಟ್ಟು ಬರಬೇಕು."