ಚಿಕ್ಕಮ್ಮ ಎದುರು ಬಂದ ಪ್ರಯಾಣ

ಶಕುನವನ್ನು ಮಿಸ್ಡ್ ಕಾಲ್ ಕೊಟ್ಟು ಕರೆಸುವ ಮನೆಯಲ್ಲಿ ನಾನು ಎರಡು ವರ್ಷ ಇದ್ದೆ. ವಿಶಾಖಪಟ್ಟಣದ ದೊಡ್ಡಮ್ಮನ ಮನೆ. ಔಷಧ ಕಂಪನಿಯ ಕೆಲಸಕ್ಕೆಂದು ಮೈಸೂರಿನಿಂದ ಹೋದವಳು ಅಲ್ಲೇ ಉಳಿದುಕೊಂಡಿದ್ದೆ. ಮನೆಯಿಂದ ಯಾರಾದರೂ ದೂರ ಹೊರಟರೆ ದೊಡ್ಡಮ್ಮ ಬೀದಿಯ ಕೊನೆಯ ಮನೆಯಾಕೆಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುವರು. ಆಕೆ ಹೂ ಮುಡಿದು, ಕುಂಕುಮ ತಿದ್ದಿಕೊಂಡು, ಅಕಸ್ಮಾತ್ತಾಗಿ ಬಂದವಳ ಹಾಗೆ ಎದುರು ನಡೆದು ಬರುವಳು. ಮುತ್ತೈದೆ ಎದುರಾದರೆ ಹೋದ ಕೆಲಸ ಆಗುತ್ತದಂತೆ. ಇದು ಶಕುನ ಅಲ್ಲ ದೊಡ್ಡಮ್ಮ, ಹೋಮ್ ಡೆಲಿವರಿ ಎಂದಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನನ್ನ ಕಪ್‌ಗಳಿಗೆ ಆ ಮನೆಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

ಅದು ನಗುವ ವಿಷಯ. ಹೇಸಿಗೆಯದು ಹಿತ್ತಲಲ್ಲಿತ್ತು. ದೊಡ್ಡಮ್ಮನ ತಂಗಿ, ನನ್ನ ಚಿಕ್ಕಮ್ಮ, ವಿಜಯವಾಡದಲ್ಲಿ ಸಂಸಾರ ಮಾಡಿಕೊಂಡಿದ್ದವರು, ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿದ್ದರು. ಯಾರಾದರೂ ಹೊರಡಲು ಶೂ ಲೇಸು ಕಟ್ಟತೊಡಗಿದರೆ ಸಾಕು, ಹಿತ್ತಲ ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು. ಚಿಕ್ಕಮ್ಮ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಮರೆಯಾಗು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇಲ್ಲದ ಹಾಗೆ ಮಾಡಿಟ್ಟಿದ್ದರಲ್ಲ, ನಾನು ಸಹಿಸಲಾರದೆ ಇದ್ದದ್ದು ಅದನ್ನೇ.

ರಜೆಗಳನ್ನೆಲ್ಲ ಕೂಡಿಸಿಕೊಂಡು, ಬೆನ್ನಿಗೆ ಚೀಲ ಹಾಕಿಕೊಂಡು ನಾನೊಬ್ಬಳೇ ಥಾಯ್ಲೆಂಡು, ಲಾವೋಸು ಸುತ್ತಲು ಹೊರಟ ದಿನ ಆಟೋ ಗೇಟಿನಲ್ಲಿ ನಿಂತಿತ್ತು. ಚೆನ್ನೈ ರೈಲು ಹಿಡಿಯಬೇಕು, ಅಲ್ಲಿಂದ ವಿಮಾನ. ದೊಡ್ಡಮ್ಮ ಫೋನೆತ್ತಿಕೊಂಡರು. ನಾನು ಚೀಲ ಕೆಳಗಿಟ್ಟು, ಚಿಕ್ಕಮ್ಮ ಎದುರು ಬಂದರೆ ಮಾತ್ರ ಹೊರಡುತ್ತೇನೆ ಎಂದೆ. ದೊಡ್ಡಮ್ಮ ಬೈದರು, ಅತ್ತರು, ಒಂಟಿ ಹುಡುಗಿ ಪರದೇಶಕ್ಕೆ ಹೋಗುವುದೇ ಹೆಚ್ಚು, ಅದರ ಮೇಲೆ ಇದೊಂದು ಎಂದರು. ನಾನು ಹಿತ್ತಲಿಗೆ ಹೋದೆ.

"ನಿನ್ನ ವಾದಕ್ಕೆ ನನ್ನನ್ಯಾಕೆ ಎಳೀತೀಯೇ?" ಚಿಕ್ಕಮ್ಮ ನಲ್ಲಿ ನಿಲ್ಲಿಸಲಿಲ್ಲ. "ಅಲ್ಲಿ ನಿಂಗೆ ನೆಗಡಿ ಆದ್ರೂ ಇಲ್ಲಿ ಮಾತು ಕೇಳೋಳು ನಾನು."

"ಏನೂ ಆಗಲ್ಲ."

"ಆದ್ರೆ?"

ರೈಲಿಗೆ ಹೊತ್ತಾಯಿತು ಎಂದು ಕೈ ಹಿಡಿದು ಎಳೆದೆ. ಚಿಕ್ಕಮ್ಮ ಸೋಪಿನ ಕೈಯಲ್ಲೇ ಬೀದಿಯ ತಿರುವಿನವರೆಗೆ ಹೋಗಿ ಎದುರು ನಡೆದು ಬಂದರು, ನನ್ನ ಮುಖ ನೋಡದೆ, ನೆಲ ನೋಡುತ್ತಾ.

ಆಯಿತು, ಆಗಬಾರದ್ದೆಲ್ಲ. ಬ್ಯಾಂಕಾಕಿನ ಅಗ್ಗದ ಹಾಸ್ಟೆಲಿನ ಹಾಸಿಗೆ ತುಂಬ ತಿಗಣೆ. ಬೆಳಿಗ್ಗೆ ಎದ್ದರೆ ಕತ್ತಿನ ಸುತ್ತ ಕೆಂಪು ದದ್ದು. ಮೇಲಿನ ಮಂಚದ ಬಿಳಿಯನೊಬ್ಬ ಕಾಲುಗುರು ಕತ್ತರಿಸುತ್ತಾ ನನಗೆ ಭಾರತದ ಅಧ್ಯಾತ್ಮ ವಿವರಿಸುತ್ತಿದ್ದ, ಉಗುರಿನ ಚೂರುಗಳು ನನ್ನ ದಿಂಬಿನ ಮೇಲೆ ಬೀಳುತ್ತಿದ್ದವು. ತರಕಾರಿಯದೇ ತಾನೆ ಎಂದು ಕೇಳಿ ಕೇಳಿ ಕುಡಿದ ಸೂಪಿನ ತಳದಲ್ಲಿ ಕೋಳಿಯ ಪಾದ, ಬೆರಳುಗಳ ಸಮೇತ. ಲಾವೋಸಿನ ಬಸ್ಸಿನಲ್ಲಿ ಹಿಂದಿನ ಸೀಟಿನವರ ವಾಂತಿ ನನ್ನ ಚಪ್ಪಲಿಯ ಕೆಳಗೆ ಹರಿದು ಬಂತು. ಇಳಿದು ನೋಡಿದರೆ ಬಸ್ಸಿನ ಮೇಲೆ ಕಟ್ಟಿದ್ದ ನನ್ನ ಚೀಲವೇ ಇಲ್ಲ. ಆಮೇಲೆ ಜ್ವರ, ಭೇದಿ.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಫೋನು. ಬೂತಿನಿಂದ ಕರೆ ಮಾಡಿದರೆ ದೊಡ್ಡಮ್ಮ ಊಟ ಆಯಿತಾ ಎಂದು ಕೇಳುತ್ತಿರಲಿಲ್ಲ, ಏನಾದರೂ ಆಯಿತಾ ಎಂದು ಕೇಳುತ್ತಿದ್ದರು. ಆ ದನಿಯಲ್ಲಿ ಕಾಳಜಿಯೂ ಇತ್ತು, ಸಾಕ್ಷಿಗಾಗಿ ಕಾದು ಕೂತವರ ಆಸೆಯೂ ಇತ್ತು. ಹೊಟ್ಟೆ ಹಿಡಿದುಕೊಂಡು, ಎಲ್ಲ ಸೊಗಸಾಗಿದೆ ಎನ್ನುತ್ತಿದ್ದೆ. ಇನ್ನೇನು ಹೇಳಲಿ? ನನ್ನ ಜ್ವರದ ಸುದ್ದಿ ಅಲ್ಲಿ ಮುಟ್ಟಿದರೆ ಅದರ ಬೈಗುಳ ಹಿತ್ತಲಿಗೆ ಹೋಗುತ್ತದೆ. ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಎದುರಾಳಿ ಹೀಗೆ ಸಾಕ್ಷಿ ಮುಚ್ಚಿಟ್ಟಿದ್ದರೆ ಹರಿದು ಹಾಕುತ್ತಿದ್ದೆ.

ಸುಳ್ಳು ಚೆನ್ನಾಗಿಯೇ ಕೆಲಸ ಮಾಡಿತು. ವಾಪಸು ಬಂದಾಗ, ಹಳೆಯ ಚೀಲ ಭಾರವಾಗಿತ್ತು, ಯಾರಿಗೋ ಕೊಟ್ಟು ಹೊಸದು ಕೊಂಡೆ ಎಂದೆ. ಕತ್ತಿಗೆ ದುಪಟ್ಟಾ ಸುತ್ತಿಕೊಂಡೆ. ತಲೆಗೆ ಎಣ್ಣೆ ಹಚ್ಚುವಾಗ ಚಿಕ್ಕಮ್ಮ ದುಪಟ್ಟಾ ಸರಿಸಿ ಕಲೆಗಳನ್ನು ನೋಡಿದರು. ಮತ್ತೆ ಮುಚ್ಚಿದರು.

ಸ್ವಲ್ಪ ದಿನಕ್ಕೇ ಅಣ್ಣನಿಗೆ, ಅಂದರೆ ದೊಡ್ಡಮ್ಮನ ಮಗನಿಗೆ, ವಿಜಯವಾಡದಿಂದ ಇಂಟರ್‌ವ್ಯೂಗೆ ಕರೆ ಬಂತು. ಹೊರಡುವ ದಿನ ಅವನು ಲೇಸು ಕಟ್ಟುತ್ತಿದ್ದ. ಹಿತ್ತಲಲ್ಲಿ ನಲ್ಲಿಯ ಸದ್ದು ಶುರುವಾಯಿತು. ದೊಡ್ಡಮ್ಮ ಫೋನು ಮುಟ್ಟಲೇ ಇಲ್ಲ. ತಂಗಿಯನ್ನು ಕೂಗಿದರು, ಅಕ್ಕರೆಯಿಂದಲೇ.

"ಬಾರೇ, ಇವನಿಗೂ ನೀನೇ ಎದುರು ಬಾ. ಪರದೇಶಕ್ಕೆ ಹೋದೋಳನ್ನ ಸುಖವಾಗಿ ವಾಪಸ್ ತಂದ ಮುಖ ಕಣೇ ನಿಂದು."

ಬಸ್ಸಿನ ವಾಂತಿಗೂ ನನಗೆ ಅಷ್ಟು ಓಕರಿಕೆ ಬಂದಿರಲಿಲ್ಲ. ನಾನು ಎದುರು ಬರುವ ಆ ಹುದ್ದೆಯನ್ನೇ ತೆಗೆಯಲು ಹೊರಟಿದ್ದೆ, ಆದದ್ದು ಹೊಸ ನೇಮಕಾತಿ. ಅಣ್ಣನಿಗೆ ಕೆಲಸ ಸಿಗದಿದ್ದರೆ ಇದೇ ಮುಖ ಮತ್ತೆ ಹಿತ್ತಲಿಗೆ, ಈ ಸಲ ಹೇಳಿಸಿಕೊಂಡು. ತಿಗಣೆ, ಚೀಲ, ಜ್ವರ ಎಲ್ಲ ಬಾಯಿಬಿಟ್ಟರೆ ಈಗಲೇ ಹಿತ್ತಲಿಗೆ. ಆದರೂ ಬಾಯಿ ತೆರೆದೆ.

ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಭುಜ ಒತ್ತಿ, ನೇರ ಕೋಣೆಗೆ ಹೋದರು. ನನ್ನ ಹೊಸ ಚೀಲಕ್ಕೆ ಸೀರೆ ತುರುಕಿಕೊಂಡು ಬಂದರು.

"ನಾನೂ ಇವನ ಜೊತೆ ವಿಜಯವಾಡಕ್ಕೆ ಹೋಗ್ತೀನಿ. ಆ ಮನೆ ಬಿಟ್ಟ ಮೇಲೆ ಆ ಕಡೆ ತಲೇನೇ ಹಾಕಿಲ್ಲ. ಹೊರಡೋಳು ಎದುರು ಬರೋಕಾಗುತ್ತಾ ಅಕ್ಕ?"

ನನಗೆ ಹೊಳೆಯದ ತರ್ಕ. ದೊಡ್ಡಮ್ಮ ಫೋನು ಹುಡುಕುವಷ್ಟರಲ್ಲಿ ಚಿಕ್ಕಮ್ಮ ಮುಂಬಾಗಿಲಿನಿಂದಲೇ ಇಳಿದು ಆಟೋದಲ್ಲಿ ಕೂತಾಗಿತ್ತು. ಎದುರು ಬಂದವನು ಸೈಕಲ್ಲಿನ ಮೇಲೆ ಹಾಲಿನವನು.

ಅಣ್ಣ ಮರುದಿನವೇ ಒಬ್ಬನೇ ವಾಪಸು ಬಂದ. ಚಿಕ್ಕಮ್ಮ ಫೋನು ಮಾಡಿ, ಹಳೆಯ ನೆರೆಮನೆಯವರ ಜೊತೆ ಕೃಷ್ಣೆಯ ದಡದಲ್ಲಿ ಕೂತು ಬೋಂಡಾದಂಥ ಬಿಸಿ ಪುನುಗುಲು ತಿಂದೆ, ಇನ್ನಷ್ಟು ದಿನ ಇದ್ದು ಬರುತ್ತೇನೆ ಎಂದರು. ಅಣ್ಣನಿಗೆ ಕೆಲಸ ಸಿಗಲಿಲ್ಲ. ಯಾರ ಮುಖ, ಯಾರ ಮುಖ ಎಂದು ಹುಡುಕಿದ ದೊಡ್ಡಮ್ಮ ಕೊನೆಗೆ ಅಂದು ಎದುರು ಬಂದ ಹಾಲಿನವನನ್ನು ಬಿಡಿಸಿ ಬೇರೆಯವನನ್ನು ಗೊತ್ತುಮಾಡಿದರು. ನಾನು ಅವನ ಪರವಾಗಿ ಗಂಟಲು ಹರಿಯುವ ತನಕ ವಾದಿಸಿದೆ. ಹೊಸಬನ ಹಾಲು ಬರೀ ನೀರು. ಅದರಲ್ಲೇ ಕಾಫಿ ಮಾಡಿ ಕುಡಿದೆವು.